ರಾಗಿ ಡಬ್ಬದಲ್ಲೊಂದು ಫ್ಯೂಸ್

ನನ್ನ ಮೇಜಿನ ಮೇಲೆ, ಕಾಗದಗಳು ಫ್ಯಾನಿನ ಗಾಳಿಗೆ ಹಾರದಿರಲೆಂದು ಇಟ್ಟಿರುವ ಒಂದು ಬಿಳಿ ಪಿಂಗಾಣಿ ವಸ್ತುವಿದೆ. ಮನೆಗೆ ಬಂದವರೆಲ್ಲ ಅದನ್ನೊಮ್ಮೆ ಕೈಗೆತ್ತಿಕೊಂಡು ತಿರುಗಿಸಿ ನೋಡುತ್ತಾರೆ. ಗೆಳತಿಯೊಬ್ಬಳು ಇದು ಯಾವ ದೇಶದ ಸೋಪು ಡಬ್ಬಿ ಎಂದು ಕೇಳಿದಳು. ನನ್ನ ಗಂಡನ ಚಿಕ್ಕಪ್ಪ ಮೂಸಿ ನೋಡಿ, ಇದು ಹಳೇ ಕಾಲದ ನಶ್ಯದ ಡಬ್ಬಿಯೇ ಸರಿ ಎಂದು ತೀರ್ಪು ಕೊಟ್ಟರು. ನಶ್ಯವೂ ಅಲ್ಲ, ಸೋಪೂ ಅಲ್ಲ. ಅದು ಹಳೆಯ ಮನೆಗಳ ಮೀಟರ್ ಬೋರ್ಡಿನಲ್ಲಿರುತ್ತಿದ್ದ ಫ್ಯೂಸ್. ಎರಡು ಹಿತ್ತಾಳೆಯ ಹಲ್ಲು, ನಡುವೆ ಒಂದು ಸಣ್ಣ ತಂತಿ. ನಾನು ಜೀವನದಲ್ಲಿ ಕದ್ದ ಒಂದೇ ಒಂದು ವಸ್ತು ಅದು; ಅದೂ ನಮ್ಮ ಮನೆಯಿಂದಲೇ. ಆಫೀಸಿನಿಂದ ತಂದ ಪೆನ್ನುಗಳನ್ನೂ ಲೆಕ್ಕಕ್ಕೆ ಹಿಡಿಯುವವರು ನೀವಾದರೆ ಇಲ್ಲಿಗೇ ಓದು ನಿಲ್ಲಿಸಬಹುದು.

ಆಗ ನನಗೆ ಒಂಬತ್ತು ವರ್ಷ. ನಾವಿದ್ದದ್ದು ದೆಹಲಿಯ ಪಕ್ಕದ ಫರೀದಾಬಾದಿನ ಒಂದು ಸೆಕ್ಟರಿನಲ್ಲಿ, ಮೂರು ಅಂತಸ್ತಿನ ಮನೆಯ ನಡುವಿನ ಅಂತಸ್ತಿನಲ್ಲಿ. ಅಪ್ಪ ಅಮ್ಮ ಇಬ್ಬರೂ ತುಮಕೂರಿನ ಕಡೆಯವರು. ಅಪ್ಪ ಟ್ರ್ಯಾಕ್ಟರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ಫೋರ್‌ಮನ್. ಮೇಂಟೆನೆನ್ಸ್ ಅಂದರೇನು ಎಂದು ನಾನೊಮ್ಮೆ ಅಮ್ಮನನ್ನು ಕೇಳಿದ್ದೆ. "ಮನೇಲಿ ಇಲ್ದೇ ಇರೋದು" ಎಂದಿದ್ದಳು. ನಿಜಕ್ಕೂ ಹಾಗೆಯೇ ಇತ್ತು. ಅಪ್ಪ ಬೆಳಿಗ್ಗೆ ನಾನು ಏಳುವ ಮೊದಲೇ ಹೋಗಿರುತ್ತಿದ್ದರು, ನಾನು ಮಲಗಿದ ಮೇಲೆ ಬರುತ್ತಿದ್ದರು. ಭಾನುವಾರ ಯಂತ್ರಗಳು ನಿಂತಿರುತ್ತವಲ್ಲ, ಅವುಗಳ ಹೊಟ್ಟೆ ಬಿಚ್ಚಿ ನೋಡಲು ಅದೇ ಸಮಯ. ಹಾಗಾಗಿ ಭಾನುವಾರವೂ ಕರೆ ಬರುತ್ತಿತ್ತು. ನನಗೆ ಅಪ್ಪ ಅಂದರೆ ಬಚ್ಚಲಿನಲ್ಲಿ ಒದ್ದೆಯಾಗಿರುವ ಶೇವಿಂಗ್ ಬ್ರಶ್ಶು ಮತ್ತು ಬಾಗಿಲ ಹಿಂದಿನ ಗ್ರೀಸಿನ ವಾಸನೆಯ ಸ್ವೆಟರು.

ಇಲ್ಲಿ ರಾಗಿಯ ವಿಷಯ ಹೇಳಲೇಬೇಕು, ಮುಂದೆ ಅದರದೇ ದೊಡ್ಡ ಪಾತ್ರ. ವರ್ಷಕ್ಕೊಮ್ಮೆ ಊರಿಗೆ ಹೋದಾಗ ಅಪ್ಪ ಒಂದು ಗೋಣಿ ರಾಗಿ ಹಿಟ್ಟನ್ನು ರೈಲಿನಲ್ಲಿ ತರುತ್ತಿದ್ದರು. ಕಾಳು ತಂದು ಇಲ್ಲಿ ಬೀಸಿಸೋಣ ಎಂದರೆ ಗಿರಣಿಯ ಭಯ್ಯಾ ಒಪ್ಪುತ್ತಿರಲಿಲ್ಲ. ಅವನ ಬಿಳಿ ಗೋಧಿ ಹಿಟ್ಟೆಲ್ಲ ಕಪ್ಪಾಗುತ್ತದಂತೆ. ಅಮ್ಮ ಆ ಹಿಟ್ಟನ್ನು ನನ್ನ ಸೊಂಟದೆತ್ತರದ ಒಂದು ತಗಡಿನ ಡಬ್ಬದಲ್ಲಿ ತುಂಬಿಟ್ಟು ಚಿನ್ನದ ಹಾಗೆ ಕಾಯುತ್ತಿದ್ದಳು. ಮುದ್ದೆ ಮಾಡುತ್ತಿದ್ದದ್ದು ಅಪ್ಪ ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿದ್ದ ದಿನ ಮಾತ್ರ. ಅಂದರೆ ಆ ಡಬ್ಬದ ಮುಚ್ಚಳ ತಿಂಗಳುಗಟ್ಟಲೆ ತೆರೆಯುತ್ತಲೇ ಇರಲಿಲ್ಲ. ಈ ಸಂಗತಿಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನಾನೂ ಚೆನ್ನಾಗಿಯೇ ನೆನಪಿಟ್ಟುಕೊಂಡಿದ್ದೆ, ಅರ್ಧ ಮಾತ್ರ.

ಆ ಜನವರಿಯಲ್ಲಿ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಎದುರುಮನೆಯ ಬಾಲ್ಕನಿಯಲ್ಲಿ ಒಣಹಾಕಿದ ಪೈಜಾಮ ಇಡೀ ವಾರ ಕಾಣಿಸಲಿಲ್ಲ. ಶಾಲೆಗೆ ಚಳಿಯ ರಜೆ. ಸೋಮವಾರ ಬೆಳಿಗ್ಗೆ ಬೀದಿಯ ಕೊನೆಯ ಸಬ್‌ಸ್ಟೇಷನ್ನಿನಲ್ಲಿ ಢಮಾರ್ ಎಂದು ಸದ್ದಾಯಿತು. ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯಿತು ಎಂದು ಯಾರೋ ಕೂಗಿದರು. ನಮ್ಮ ಸೆಕ್ಟರು, ಪಕ್ಕದ ಸೆಕ್ಟರು, ಅದರಾಚೆಯ ಕಾರ್ಖಾನೆಗಳ ಸಾಲು, ಎಲ್ಲ ಒಟ್ಟಿಗೆ ತಣ್ಣಗಾದವು. ಎರಡು ತಾಸಿನ ನಂತರ ಮೆಟ್ಟಿಲ ಮೇಲೆ ಬೂಟಿನ ಸದ್ದು ಕೇಳಿ ಬಾಗಿಲು ತೆರೆದರೆ ಅಪ್ಪ. ಬೆಳಕಿನಲ್ಲಿ ಅಪ್ಪನನ್ನು ಕಂಡು ಎಷ್ಟೋ ದಿನವಾಗಿತ್ತು. ಅವರ ಕಿವಿಯ ಮೇಲೆ ನಾಲ್ಕು ಬಿಳಿ ಕೂದಲಿರುವುದನ್ನು ನಾನು ಮೊದಲು ನೋಡಿದ್ದು ಆವತ್ತೇ.

"ಏನ್ರೀ, ಮೈ ಹುಷಾರಿಲ್ವಾ?" ಎಂದು ಅಮ್ಮ ಗಾಬರಿಯಾದಳು.

"ಲೈಟ್ ಇಲ್ಲ. ಫ್ಯಾಕ್ಟ್ರಿ ಬಂದ್. ಬರೋವರ್ಗೂ ಮನೇಲೇ."

ಅಷ್ಟೇ. ಲೈಟ್ ಇಲ್ಲದಿದ್ದರೆ ಅಪ್ಪ ಮನೆಯಲ್ಲಿರುತ್ತಾರೆ. ಈ ನಿಯಮ ನನ್ನ ತಲೆಯಲ್ಲಿ ಅಚ್ಚೊತ್ತಿದ ಹಾಗೆ ಕೂತಿತು. ಶಾಲೆಯಲ್ಲಿ ಕಲಿತ ಯಾವ ಸೂತ್ರವೂ ಅಷ್ಟು ಸಲೀಸಾಗಿ ಒಳಗಿಳಿದಿರಲಿಲ್ಲ.

ಮೊದಲ ದಿನವೇ ಅಪ್ಪ ಒಂದು ಪೇಂಟ್ ಡಬ್ಬಿಗೆ ತೂತು ಹೊಡೆದು ಅಂಗೀಠಿ, ಅಂದರೆ ಇದ್ದಿಲ ಒಲೆ, ಮಾಡಿದರು. ಇಸ್ತ್ರಿ ಮಾಡುವ ಭಯ್ಯಾನಿಂದ ಇದ್ದಿಲು ತಂದರು. ಹೊಗೆ ಕಟ್ಟಬಾರದೆಂದು ಕಿಟಕಿಯನ್ನು ನಾಲ್ಕು ಬೆರಳು ತೆರೆದಿಡಬೇಕೆಂದು ಅಪ್ಪ, ಚಳಿ ಬರುತ್ತದೆ ಮುಚ್ಚಬೇಕೆಂದು ಅಮ್ಮ. ಮದುವೆಯಾಗಿ ಹನ್ನೆರಡು ವರ್ಷದಲ್ಲಿ ಅವರಿಬ್ಬರಿಗೆ ನೆಮ್ಮದಿಯಾಗಿ ಕೂತು ಜಗಳವಾಡಲು ಸಮಯ ಸಿಕ್ಕಿದ್ದು ಆಗಲೇ ಎಂದು ಕಾಣುತ್ತದೆ. ಇಬ್ಬರೂ ಬಹಳ ಖುಷಿಯಾಗಿದ್ದರು.

ಸಂಜೆಯಾಗುತ್ತಲೇ ಅಂಗೀಠಿಯ ಶಾಖಕ್ಕೆ ಮೇಲಿನವರೂ ಕೆಳಗಿನವರೂ ಬಂದರು. ಮೇಲಿನ ಮನೆಯಲ್ಲಿ ಮುತ್ತಮ್ಮ ಆಂಟಿ, ಕೊಡಗಿನವರು. ಅವರ ಗಂಡ ಸೇನೆಯಲ್ಲಿ ಸುಬೇದಾರ್, ಎಲ್ಲೋ ಹಿಮದ ಗಡಿಯಲ್ಲಿ ಪೋಸ್ಟಿಂಗ್. ಯಾರಾದರೂ ಚಳಿಯೆಂದು ಹಲ್ಲು ಕಟಕಟಿಸಿದರೆ ಸಾಕು, "ನಮ್ಮ ಯಜಮಾನ್ರು ಬರ್ಫಿನ ಮೇಲೆ ನಿಂತಿದಾರೆ, ನಿಮ್ಗೆ ಇಲ್ಲಿ ಫರೀದಾಬಾದಲ್ಲಿ ಚಳಿನಾ?" ಎಂದು ಮೂರು ಸ್ವೆಟರುಗಳ ಒಳಗಿನಿಂದ ಗದರಿಸುತ್ತಿದ್ದರು. ಕೆಳಗಿನ ಮನೆಯಲ್ಲಿ ನಮ್ಮ ಮನೆಯೊಡತಿ ಗ್ರೋವರ್ ಆಂಟಿ. ಧಾರಾವಾಹಿ ನೋಡದೆ ಅವರಿಗೆ ಊಟ ಸೇರುತ್ತಿರಲಿಲ್ಲ. ಟೀವಿ ಇಲ್ಲದ ದುಃಖದಲ್ಲಿ ಎಲ್ಲ ಪಾತ್ರಗಳ ಕಥೆಯನ್ನೂ ತಾವೇ ಅಭಿನಯಿಸಿ ತೋರಿಸುತ್ತಿದ್ದರು. ಅಮ್ಮನಿಗೆ ಅರ್ಧ ಹಿಂದಿ ಅರ್ಥವಾಗುತ್ತಿರಲಿಲ್ಲ. ಆದರೂ ಅತ್ತೆಯ ಪಾತ್ರ ಬಂದಾಗಲೆಲ್ಲ ಸರಿಯಾದ ಜಾಗದಲ್ಲಿ ಹಲ್ಲು ಕಡಿಯುತ್ತಿದ್ದಳು.

ಹತ್ತಿ ತುಂಬಿದ ಒಂದೇ ಒಂದು ದೊಡ್ಡ ರಜಾಯಿ, ಅದರ ಕೆಳಗೆ ಎಲ್ಲರ ಕಾಲುಗಳು, ಮೇಲೆ ಕಡಲೆಕಾಯಿ ಸಿಪ್ಪೆ ಮತ್ತು ಇಸ್ಪೀಟು. ಮುತ್ತಮ್ಮ ಆಂಟಿ ಆಟದಲ್ಲಿ ಮೋಸ ಮಾಡುತ್ತಿದ್ದರು. ಬೇಡದ ಎಲೆಗಳನ್ನು ರಜಾಯಿಯ ಕೆಳಗೆ ತಳ್ಳುತ್ತಿದ್ದರು, ಅದು ನನ್ನ ಅಂಗಾಲಿಗೆ ತಗಲುತ್ತಿತ್ತು. ಬಾಯಿ ಬಿಡದಿರಲು ನನಗೆ ದಿನಕ್ಕೆರಡು ಎಳ್ಳು ಬೆಲ್ಲದ ಗಜಕ್ ಮಿಠಾಯಿ ಲಂಚ. ಲಂಚ ತಿಂದು ಕೊನೆಯವರೆಗೂ ನಿಷ್ಠೆಯಿಂದಿದ್ದವಳು ನಾನು ಎಂದು ಇಂದಿಗೂ ಹೆಮ್ಮೆಯಿದೆ.

ಸ್ನಾನದ ಕಥೆ ಕೇಳಬೇಡಿ. ಗೀಸರ್ ಇಲ್ಲ, ಗ್ಯಾಸ್ ಸಿಲಿಂಡರಿನಲ್ಲಿ ಉಸಿರು ಕಮ್ಮಿ. ಎಲ್ಲರದೂ ಕಾಗೆ ಸ್ನಾನ. ಅಮ್ಮ ಮಾತ್ರ ಬಿಡದೆ, ಗಟ್ಟಿಯಾದ ಕೊಬ್ಬರಿ ಎಣ್ಣೆಯ ಬಾಟಲಿಯನ್ನು ಅಂಗೀಠಿಯ ಪಕ್ಕ ನಿಲ್ಲಿಸಿ ಕರಗಿಸಿ ನನ್ನ ತಲೆಗೆ ತಟ್ಟುತ್ತಿದ್ದಳು. ನಾನು ಬಾಗಿಲು ದಾಟುವಷ್ಟರಲ್ಲಿ ಅದು ಮತ್ತೆ ಹೆಪ್ಪುಗಟ್ಟಿ ತಲೆಯ ಮೇಲೆ ಮೇಣದ ಟೋಪಿಯಾಗುತ್ತಿತ್ತು.

ಎರಡನೆಯ ದಿನ ನನ್ನ ಬಂಡವಾಳ ಬಯಲಾಯಿತು. ನಾನು ಕಡಲೆಕಾಯಿಯ ಖಾಲಿ ಪೊಟ್ಟಣ ತೋರಿಸಿ ಅಪ್ಪನಿಗೆ, "ಅಪ್ಪಾ, ಮೂಂಗ್‌ಫಲಿ ಖತಮ್ ಆಯ್ತು, ಔರ್ ಲೇಕೇ ಬಾ" ಎಂದೆ. ಅಪ್ಪ ಇಸ್ಪೀಟು ಕೆಳಗಿಟ್ಟರು.

"ಇವ್ಳು ಯಾವ ಭಾಷೆ ಮಾತಾಡ್ತಿದಾಳೆ?"

"ನೀವಿದ್ರೆ ತಾನೆ ಗೊತ್ತಾಗೋದು" ಎಂದಳು ಅಮ್ಮ. ದನಿ ತಮಾಷೆಯದೇ. ಆದರೆ ಅಪ್ಪ ಸ್ವಲ್ಪ ಹೊತ್ತು ಇಸ್ಪೀಟು ಎತ್ತಿಕೊಳ್ಳಲಿಲ್ಲ.

ಮರುದಿನದಿಂದ ಕನ್ನಡ ಶಾಲೆ ಶುರು. ಕಾರ್ಖಾನೆಯ ಹಳೆಯ ಕ್ಯಾಲೆಂಡರಿನ ಹಿಂಬದಿಯೇ ಪುಸ್ತಕ, ಅಂಗೀಠಿಯ ಇದ್ದಿಲೇ ಬಳಪ. ಅಪ್ಪ ಯಂತ್ರದ ಡ್ರಾಯಿಂಗ್ ಮಾಡುವಂತೆ ಅಳತೆ ಹಿಡಿದು ಅಕ್ಷರ ಬರೆಯುತ್ತಿದ್ದರು. 'ಅ' ಬರೆಯುವಾಗ ಬೇರಿಂಗಿನಂತೆ ದುಂಡಗಿರಬೇಕು, 'ಕ'ದ ತಲೆಕಟ್ಟು ನಟ್ಟಿನಂತೆ ಸರಿಯಾಗಿ ಕೂರಬೇಕು. ಒತ್ತಕ್ಷರದ ದಿನ ನಾನು ಅತ್ತುಬಿಟ್ಟೆ. ಇಷ್ಟೊಂದು ಜಾಗವಿರುವಾಗ ಒಂದರ ಕೆಳಗೆ ಇನ್ನೊಂದು ಯಾಕೆ ಹೋಗಿ ಕೂರಬೇಕು ಎಂಬುದು ನನ್ನ ಪ್ರಶ್ನೆ. "ಚಳಿ ಅಲ್ವಾ, ನಾವೂ ಹಂಗೇ ಕೂತಿಲ್ವಾ?" ಎಂದರು ಅಪ್ಪ, ರಜಾಯಿ ಎಳೆದುಕೊಂಡು. ಆ ವಿವರಣೆ ನನಗೆ ಪೂರ್ತಿ ಒಪ್ಪಿಗೆಯಾಯಿತು.

ದಿನಾ ಮಧ್ಯಾಹ್ನ ಮುದ್ದೆ. ನಾನು ಅದನ್ನು ದೆಹಲಿಯ ಮಗುವಿನಂತೆ ಕಚಕಚ ಅಗಿಯುತ್ತಿದ್ದೆ, ಅಪ್ಪ ಗಂಟಲು ತೋರಿಸಿ ನುಂಗುವ ಪಾಠ ಮಾಡುತ್ತಿದ್ದರು. ನಾನು ಅಷ್ಟು ಸುಖವಾಗಿ ಎಂದೂ ಇರಲಿಲ್ಲ. ಇದನ್ನು ಸುತ್ತಿ ಬಳಸಿ ಹೇಳುವುದೇನಿದೆ? ಅಪ್ಪ ಮನೆಯಲ್ಲಿದ್ದರು, ನನಗೆ ಅಪ್ಪ ಬೇಕಾಗಿತ್ತು.

ಶುಕ್ರವಾರ ಸಂಜೆ ಏಳರ ಸುಮಾರಿಗೆ ಟ್ಯೂಬ್‌ಲೈಟ್ ಎರಡು ಸಲ ಕಣ್ಣು ಮಿಟುಕಿಸಿ ಹತ್ತಿಕೊಂಡಿತು. ಇಡೀ ಸೆಕ್ಟರು "ಆ ಗಯೀ!" ಎಂದು ಕೂಗಿತು. ಗ್ರೋವರ್ ಆಂಟಿ ಚಪ್ಪಲಿ ಮರೆತು ಟೀವಿಗೆ ಓಡಿದರು. ಮುತ್ತಮ್ಮ ಆಂಟಿ ಇಸ್ಪೀಟು ಜೋಡಿಸಿಕೊಂಡು, ಗೀಸರ್ ಹಾಕಬೇಕೆಂದು ಮೆಟ್ಟಿಲು ಹತ್ತಿದರು. ಅಪ್ಪ ರಜಾಯಿ ಕೊಡವಿ ಎದ್ದು, ಬಾಗಿಲ ಹಿಂದಿನ ಸ್ವೆಟರ್ ಮುಟ್ಟಿ ನೋಡಿ, "ನಾಳೆ ಫಸ್ಟ್ ಶಿಫ್ಟು. ನಿಂತಿದ್ ಕೆಲ್ಸ ಎಲ್ಲಾ ಮೈಮೇಲ್ ಬರತ್ತೆ. ಶನಿವಾರ, ಭಾನುವಾರ ಎರಡೂ ಹೋಯ್ತು" ಎಂದರು. ಅಮ್ಮ ಕಡಲೆಕಾಯಿ ಸಿಪ್ಪೆ ಗುಡಿಸತೊಡಗಿದಳು.

ನಾನು ನನ್ನ ಸೂತ್ರವನ್ನು ತಿರುಗಿಸಿ ನೋಡಿದೆ. ಲೈಟ್ ಇಲ್ಲದಿದ್ದರೆ ಅಪ್ಪ ಮನೆಯಲ್ಲಿರುತ್ತಾರೆ. ಸರಿ, ಹಾಗಾದರೆ ಲೈಟ್ ಇರಬಾರದು. ಕಾರ್ಖಾನೆಯ ಲೈಟು ಬೇರೆ, ಮನೆಯ ಲೈಟು ಬೇರೆ ಎಂಬ ಸಣ್ಣ ವಿವರ ನನ್ನ ವಿಜ್ಞಾನದಲ್ಲಿ ಇರಲಿಲ್ಲ.

ಮೀಟರ್ ಬೋರ್ಡು ಕೆಳಗೆ ಮೆಟ್ಟಿಲಿನ ಅಡಿಯಲ್ಲಿತ್ತು. ಅಪ್ಪ ಫ್ಯೂಸ್ ಕೀಳುವುದನ್ನು ಹಲವು ಸಲ ಟಾರ್ಚ್ ಹಿಡಿದು ನೋಡಿದ್ದೆ. ಅವರ ರಬ್ಬರಿನ ಕೈಗವಸು ಹಾಕಿಕೊಂಡು, ಬಕೆಟ್ ಬೋರಲು ಹಾಕಿ ಹತ್ತಿದೆ. ಇದನ್ನು ಓದುವ ಮಕ್ಕಳಿದ್ದರೆ, ಖಂಡಿತ ಮಾಡಬೇಡಿ. ನಾನು ಬದುಕಿರುವುದು ನನ್ನ ಜಾಣತನದಿಂದಲ್ಲ. ಹತ್ತಿದ ಮೇಲೆ ಕಷ್ಟ ಕಂಡಿತು. ಅಲ್ಲಿ ಮೂರು ಫ್ಯೂಸುಗಳು, ಮೂರೂ ಒಂದೇ ಥರ. ತಪ್ಪಿ ಗ್ರೋವರ್ ಆಂಟಿಯದನ್ನು ಕಿತ್ತರೆ, ಧಾರಾವಾಹಿಯ ನಡುವೆ, ನಮ್ಮನ್ನು ಮನೆ ಖಾಲಿ ಮಾಡಿಸುವುದು ಖಂಡಿತ. ಆಗ ಕಣ್ಣಿಗೆ ಬಿತ್ತು: ನಡುವಿನದರ ಕೆಳಗೆ ಕೆಂಪು ಪೇಂಟಿನಲ್ಲಿ, ಬೇರೆ ಯಾರಿಗೂ ತಿಳಿಯದಿರಲೆಂದು ಅಪ್ಪ ಎಂದೋ ಕನ್ನಡದಲ್ಲಿ ಬರೆದ ಗುರುತು. ಬೆರಳಿಟ್ಟು ಓದಿದೆ. ನ. ಮ, ಅದರ ಕೆಳಗೆ ಚಳಿಗೆ ಅಂಟಿಕೊಂಡು ಕೂತ ಇನ್ನೊಂದು ಮ. ದು. ನಮ್ಮದು!

ನಾನು ಬದುಕಿನಲ್ಲಿ ಸ್ವಂತವಾಗಿ ಓದಿದ ಮೊದಲ ಕನ್ನಡ ಪದ ಅದು. ಓದಿದ ತಕ್ಷಣ ಕಿತ್ತೆ.

ಮೇಲೆ ಬಂದಾಗ ಮನೆಯಲ್ಲಿ ಕತ್ತಲು. ಅಪ್ಪ ಟಾರ್ಚ್ ಹುಡುಕುತ್ತಿದ್ದರು, ಅಮ್ಮ ಬೆಂಕಿಪೊಟ್ಟಣ. ಆ ಸಂದಿನಲ್ಲಿ ಅಡುಗೆಮನೆಗೆ ನುಸುಳಿ, ಅಪ್ಪ ಇಲ್ಲದಿದ್ದರೆ ತಿಂಗಳುಗಟ್ಟಲೆ ಯಾರೂ ತೆರೆಯದ ರಾಗಿ ಡಬ್ಬದಲ್ಲಿ ಫ್ಯೂಸ್ ಹೂತಿಟ್ಟೆ. ಮುದ್ದೆ ಮಾಡುವುದು ಅಪ್ಪ ಮನೆಯಲ್ಲಿದ್ದ ದಿನ. ಅಪ್ಪ ಮನೆಯಲ್ಲಿರಲೆಂದೇ ನಾನು ಕದ್ದದ್ದು. ಇದೆರಡನ್ನೂ ಒಟ್ಟಿಗೆ ಯೋಚಿಸುವಷ್ಟು ಬುದ್ಧಿ ಕಳ್ಳಿಗೆ ಆ ಹೊತ್ತಿನಲ್ಲಿ ಬರಲಿಲ್ಲ.

ಅಪ್ಪ ಕೆಳಗೆ ಹೋಗಿ ಬಹಳ ಹೊತ್ತಾದ ಮೇಲೆ ಬಂದರು. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ನಾನು ಮೆಟ್ಟಿಲ ಕೆಳಗೇ ಮರೆತು ಬಂದಿದ್ದ ಬಕೆಟ್ಟು. ಟಾರ್ಚಿನ ಬೆಳಕು ಒಂದು ಕ್ಷಣ ನನ್ನ ಕೈಗಳ ಮೇಲೆ ನಿಂತಿತು. ನಾನು ಇನ್ನೂ ಕೈಗವಸು ಬಿಚ್ಚಿರಲಿಲ್ಲ.

"ಏನಾಗಿದೆಯಂತೆ?" ಎಂದಳು ಅಮ್ಮ.

"ನಮ್ ಫ್ಯೂಸ್ ಕಾಣ್ತಿಲ್ಲ. ಯಾರೋ ಎತ್ಕೊಂಡ್ ಹೋಗಿದಾರೆ."

"ನಿಮ್ ಪೆಟ್ಟಿಗೇಲಿ ಇನ್ನೊಂದ್ ಇರ್ಬೇಕಲ್ಲ?"

"ಇಲ್ಲ. ಸೋಮವಾರ ತರ್ತೀನಿ." ನನ್ನ ಕಡೆ ತಿರುಗಿ, "ಚಳಿಗೆ ಕೈಗವಸು ಹಾಕ್ಕೊಂಡಿದೀಯಾ ಮರಿ? ಒಳ್ಳೇದು" ಎಂದರು.

ಶನಿವಾರ ಬೆಳಿಗ್ಗೆ ನಾನು ಏಳುವಾಗ ಅಪ್ಪ ಮನೆಯಲ್ಲೇ ಇದ್ದರು. ಫೋನ್ ಮಾಡಬೇಕೆಂದು ಗ್ರೋವರ್ ಆಂಟಿಯ ಮನೆಗೆ ಹೊರಟಾಗ ನಾನೂ ಬಾಲದಂತೆ ಹೋದೆ. ಅಪ್ಪ ಶಿಫ್ಟ್ ಇನ್‌ಚಾರ್ಜಿಗೆ ಬಹಳ ವಿನಯದಿಂದ, "ಸಾಬ್, ಘರ್ ಮೇಂ ಲೈಟ್ ನಹೀಂ ಹೈ. ಕೈಸೇ ಆಊಂ?" ಎಂದರು; ಮನೆಯಲ್ಲಿ ಲೈಟಿಲ್ಲ, ಹೇಗೆ ಬರಲಿ ಅಂತ. ಆ ಕಡೆಯಿಂದ ಬಂದ ಕೂಗು ನನಗೂ ಕೇಳಿಸಿತು. ಮನೆಯ ಲೈಟಿಗೂ ಫ್ಯಾಕ್ಟ್ರಿಗೂ ಏನು ಸಂಬಂಧ ಎಂದು ಅವರು ಕೇಳುತ್ತಿದ್ದರು. ಹಿಂದೆ ಗ್ರೋವರ್ ಆಂಟಿಯ ಟೀವಿ ಗಂಟಲು ಹರಿಯುವಂತೆ ಹಾಡುತ್ತಿತ್ತು, ಪಕ್ಕದಲ್ಲಿ ಹೀಟರು ಕೆಂಪಗೆ ಉರಿಯುತ್ತಿತ್ತು. ಅಪ್ಪ ಅವುಗಳ ನಡುವೆ ನಿಂತು, ಸ್ವಲ್ಪವೂ ಮುಖ ಬದಲಿಸದೆ, "ಬಿಲ್ಕುಲ್ ಅಂಧೇರಾ ಹೈ ಸಾಬ್", ಪೂರ್ತಿ ಕತ್ತಲು, ಎಂದು ಫೋನಿಟ್ಟರು. ನನ್ನ ಸೂತ್ರ ನೂರಕ್ಕೆ ನೂರು ಸರಿ ಎಂದು ನಾನು ತಿಳಿದೆ. ಎಷ್ಟೋ ವರ್ಷ ಹಾಗೆಯೇ ತಿಳಿದಿದ್ದೆ.

ಹತ್ತು ಗಂಟೆಗೆ ಮುತ್ತಮ್ಮ ಆಂಟಿ ಇಸ್ಪೀಟು ಹಿಡಿದು ಇಳಿದು ಬಂದರು. "ನಿಮ್ಮನೇಲಿ ಇನ್ನೂ ಕರೆಂಟಿಲ್ವಂತೆ? ಅಯ್ಯೋ ಪಾಪ" ಎಂದು ತಮ್ಮ ಬೆಚ್ಚಗಿನ ಮನೆಗೆ ಬೀಗ ಹಾಕಿಕೊಂಡು ಬಂದು ನಮ್ಮ ರಜಾಯಿಯಲ್ಲಿ ಕಾಲು ತೂರಿಸಿದರು. ಸ್ವಲ್ಪ ಹೊತ್ತಿಗೆ ಗ್ರೋವರ್ ಆಂಟಿ ಗಾಜರ್ ಹಲ್ವಾದೊಂದಿಗೆ ಹಾಜರು. ಟೀವಿಯವರಿಗಿಂತ ತಾವೇ ಚೆನ್ನಾಗಿ ಅಭಿನಯಿಸುತ್ತೇವೆಂದು ಅವರಿಗೆ ಒಂದೇ ರಾತ್ರಿಯಲ್ಲಿ ಗೊತ್ತಾಗಿತ್ತು.

ಮಧ್ಯಾಹ್ನವಾಯಿತು. ಅಮ್ಮ ಎದ್ದು ಅಡುಗೆಮನೆಗೆ ಹೋಗಿ ಎಸರಿಟ್ಟಳು. ಆಗ ನನಗೆ ಹೊಳೆಯಿತು. ಓಡಿಹೋಗಿ, "ಅಮ್ಮಾ, ಇವತ್ತು ಚಪಾತಿ ಮಾಡು" ಎಂದೆ.

"ಅಪ್ಪ ಮನೇಲಿದಾರಲ್ಲೇ. ಮುದ್ದೆ" ಎಂದು ಅಮ್ಮ ಡಬ್ಬದ ಮುಚ್ಚಳ ತೆಗೆದು ಲೋಟ ಒಳಗಿಳಿಸಿದಳು.

ಠಣ್.

ಅಮ್ಮ ಬಗ್ಗಿ ನೋಡಿದಳು. ಕೈಹಾಕಿ ಅರ್ಧ ಎತ್ತಿದಳು. ಹಿಟ್ಟು ಮೆತ್ತಿದ ಬಿಳಿ ಮೂತಿ ನನಗೂ ಕಂಡಿತು. ನನ್ನನ್ನು ನೋಡಿದಳು. ಆಮೇಲೆ ಬಾಗಿಲಾಚೆ ರಜಾಯಿಯಲ್ಲಿ ಕೂತು, ಮುತ್ತಮ್ಮ ಆಂಟಿಯ ಮೋಸವನ್ನು ಕೊನೆಗೂ ಹಿಡಿದು ಗಹಗಹಿಸಿ ನಗುತ್ತಿದ್ದ ಅಪ್ಪನನ್ನು ನೋಡಿದಳು. ತುಂಬ ಹೊತ್ತು ನೋಡಿದಳು. ಫ್ಯೂಸನ್ನು ಮೊದಲಿಗಿಂತ ಆಳವಾಗಿ ಹೂತು, ಮೇಲೆ ಹಿಟ್ಟೆಳೆದು, ಅಂಗೈಯಿಂದ ತಟ್ಟಿ ಸಮ ಮಾಡಿದಳು.

"ಏನೇ ಅದು ಸದ್ದು?" ಎಂದು ಅಪ್ಪ ಕೂಗಿದರು.

"ಈ ಸಲ ಹಿಟ್ಟಲ್ಲಿ ಕಲ್ಲಿದೆ ಕಣ್ರೀ."

ಅಪ್ಪ ಅಡುಗೆಮನೆಯತ್ತ ಒಮ್ಮೆ ನೋಡಿ ಮತ್ತೆ ಎಲೆ ಹಂಚಿದರು. "ಇರ್ಲಿ ಬಿಡು" ಎಂದರು.

ಭಾನುವಾರ ಸಂಜೆ ನಮ್ಮ ಮನೆಯ ಲೈಟು ತನ್ನಷ್ಟಕ್ಕೆ ಬಂದಿತು. ಅಪ್ಪನ ಪೆಟ್ಟಿಗೆಯಲ್ಲಿ ಇಲ್ಲವೇ ಇಲ್ಲ ಎಂದಿದ್ದ ಫ್ಯೂಸು, ಹುಡುಕಿದರೆ ಸಿಕ್ಕಿತಂತೆ. ಸೋಮವಾರ ನಾನು ಏಳುವಷ್ಟರಲ್ಲಿ ಶೇವಿಂಗ್ ಬ್ರಶ್ಶು ಒದ್ದೆಯಾಗಿತ್ತು. ರಾಗಿ ಹಿಟ್ಟು ಮುಗಿದ ದಿನ ಅಮ್ಮ ಆ ಕಲ್ಲನ್ನು ತೊಳೆದು ಒರೆಸಿ ನನ್ನ ಶಾಲೆಯ ಪುಸ್ತಕಗಳ ಪಕ್ಕ ಇಟ್ಟಳು. ಅಂದಿನಿಂದ ಅದು ನನ್ನ ಜೊತೆಗಿದೆ.

ಈಗ ನಾನು ಗುರುಗ್ರಾಮದ ಹದಿನಾರನೆಯ ಅಂತಸ್ತಿನಲ್ಲಿದ್ದೇನೆ. ಇಲ್ಲಿ ಕರೆಂಟು ಹೋದರೆ ಮೂರೆಣಿಸುವಷ್ಟರಲ್ಲಿ ಜನರೇಟರ್ ಬರುತ್ತದೆ, ಬೇಜಾರಾಗಲೂ ಸಮಯ ಸಿಗುವುದಿಲ್ಲ. ಕಳೆದ ಚಳಿಗಾಲದ ಒಂದು ಶನಿವಾರ ಅಪ್ಪ ಅಮ್ಮ ಫರೀದಾಬಾದಿನಿಂದ ಬಂದಿದ್ದರು. ನಾನು ಬೆಳಿಗ್ಗೆ ಎಂಟರಿಂದ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಆಫೀಸಿನ ಮೀಟಿಂಗಿನಲ್ಲಿದ್ದೆ. ಅಪ್ಪ ಎರಡು ಸಲ ಬಾಗಿಲಿಗೆ ಬಂದು ನಿಂತು ಹೋದರು. ನಾನು ಎರಡು ಸಲವೂ ಒಂದು ಬೆರಳೆತ್ತಿ, ಒಂದೇ ನಿಮಿಷ ಎಂದು ಸನ್ನೆ ಮಾಡಿದೆ.

ಒಂದು ಗಂಟೆಗೆ ಲೈಟು ಹೋಯಿತು. ಮೂರೆಣಿಸಿದೆ, ಹತ್ತೆಣಿಸಿದೆ, ಬರಲಿಲ್ಲ. ಎದ್ದು ಹೊರಬಾಗಿಲು ತೆರೆದರೆ ಲಿಫ್ಟಿನ ದೀಪ ಉರಿಯುತ್ತಿದೆ, ಎದುರುಮನೆಯ ಮಿಕ್ಸಿ ತಿರುಗುತ್ತಿದೆ. ಒಳಗೆ ಬಂದೆ. ಗೋಡೆಯ ಮೇಲಿನ ಸ್ವಿಚ್ ಪೆಟ್ಟಿಗೆಯ ಬಾಗಿಲು ಅರ್ಧ ತೆರೆದಿತ್ತು, ಅದರ ಕೆಳಗೊಂದು ಸ್ಟೂಲು. ಅಪ್ಪ ಸೋಫಾದಲ್ಲಿ ಕೂತಿದ್ದರು. ಎರಡೂ ಕೈಗೆ ಉಣ್ಣೆಯ ಕೈಗವಸು.

"ಲೈಟ್ ಇಲ್ಲ ಕಣಮ್ಮ" ಎಂದರು.

ಲ್ಯಾಪ್‌ಟಾಪಿನ ಬ್ಯಾಟರಿ ಭರ್ತಿಯಿತ್ತು. ಫೋನಿನಲ್ಲಿ ನೆಟ್ ಇತ್ತು. ನಾನು ಮ್ಯಾನೇಜರಿಗೆ ಫೋನ್ ಹಚ್ಚಿ, ಸ್ವಲ್ಪವೂ ಮುಖ ಬದಲಿಸದೆ, "ಸರ್, ಘರ್ ಮೇಂ ಲೈಟ್ ನಹೀಂ ಹೈ" ಎಂದೆ. ಆ ಕಡೆಯವರು ಜನರೇಟರ್ ಬಗ್ಗೆ ಏನೋ ಕೇಳುತ್ತಿದ್ದರು. "ಬಿಲ್ಕುಲ್ ಅಂಧೇರಾ ಹೈ ಸರ್" ಎಂದು ಮಧ್ಯಾಹ್ನದ ಬಿಸಿಲಿನಲ್ಲಿ ನಿಂತು ಫೋನಿಟ್ಟೆ.

ಅಡುಗೆಮನೆಯಿಂದ ಅಮ್ಮ ತಟ್ಟೆಗಳನ್ನು ತಂದಳು. ನನ್ನ ಮುಂದೆ ಮುದ್ದೆ ಇಟ್ಟು, "ಈ ಸಲ ಹಿಟ್ಟಲ್ಲಿ ಕಲ್ಲಿಲ್ಲ. ಧೈರ್ಯವಾಗಿ ನುಂಗು" ಎಂದಳು.